ಇನ್ನೊಂಚೂರು

ಛಬು ಖರಾತಳ ಬಲಗೈಯ ಎರಡು ಬೆರಳುಗಳನ್ನು ಎಂಬತ್ತು ಟನ್ನಿನ ಪ್ರೆಸ್ಸು ನಡುಗೆಣ್ಣಿಗೆ ಕತ್ತರಿಸಿತು, ಮೂರನೆಯದನ್ನು ಜಜ್ಜಿತು. ಕೈ ಒಳಗಿದ್ದಾಗ ಯಂತ್ರ ಇಳಿಯದಂತೆ ತಡೆಯುವ ಸೆನ್ಸರನ್ನು ಒಂಬತ್ತು ತಿಂಗಳ ಹಿಂದೆಯೇ ಬಿಚ್ಚಿ ಸೂಪರ್‌ವೈಸರನ ಕಪಾಟಿನಲ್ಲಿ ಇಟ್ಟಿದ್ದರು. ಅದು ಇದ್ದರೆ ತಾಸಿಗೆ ಅರವತ್ತು ತುಂಡು ಕಡಿಮೆ ಬೀಳುತ್ತಿದ್ದವು. ಅಪಘಾತದ ವರದಿಯಲ್ಲಿ ಕಾರಣ ಎಂಬಲ್ಲಿ ‘ಕೆಲಸಗಾರ್ತಿಯ ಅಜಾಗರೂಕತೆ’ ಎಂದು ಬರೆದರು. ಐದನೆಯ ದಿನಕ್ಕೆ ದಸರೆ ಬಂತು. ಅದೇ ಪ್ರೆಸ್ಸಿಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಎಲ್ಲರಿಗೂ ಪೇಢೆ ಹಂಚಿದರು. ಛಬುವಿನ ಪಾಲಿನ ಪೇಢೆಯನ್ನು ಯಾರೋ ಆಸ್ಪತ್ರೆಗೆ ತಂದುಕೊಟ್ಟರು. ಅವಳು ಅದನ್ನು ಎಡಗೈಯಿಂದ ತಿಂದಳು.

ಕೈ ಹೊಲಿಯುವುದು ಡಾಕ್ಟರರ ಕೆಲಸ. ಹೊಲಿದ ಕೈಗೆ ತಾನು ಕೈ ಎಂಬುದನ್ನು ಮತ್ತೆ ನೆನಪು ಮಾಡಿಕೊಡುವುದು ರೇವತಿ ಲೋಂಢೆಯ ಕೆಲಸ. ಪುಣೆಯಿಂದ ಚಾಕಣದ ಕಡೆಗೆ ಹೋಗುವ ರಸ್ತೆಯ ಮೇಲಿನ ಕಾರ್ಮಿಕರ ಆಸ್ಪತ್ರೆಯಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದಾಳೆ. ನೆಲಮಾಳಿಗೆಯ ಕೊನೆಯ ಕೋಣೆ. ಅದರ ಬಾಗಿಲಿಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿನ ಹಲಗೆ ಇದೆ. ಅದನ್ನು ಓದಿ ಒಳಗೆ ಬಂದವರು ಯಾರೂ ಇಲ್ಲ. ಎಲ್ಲರೂ ಅದನ್ನು ‘ಕೈ ಖೋಲಿ’ ಅನ್ನುತ್ತಾರೆ. ಎರಡು ಮೇಜು, ಕೈ ಅದ್ದಲು ಬಿಸಿ ಮೇಣದ ತೊಟ್ಟಿ, ತಿರುಗಿಸಿ ರೂಢಿ ಮಾಡಲು ಗೋಡೆಗೆ ಹೊಡೆದ ನಲ್ಲಿ, ಬೀಗ, ಬಾಗಿಲ ಹಿಡಿಕೆ, ಗುಂಡಿ ಹಾಕಿ ಬಿಚ್ಚಲು ಒಂದು ಹಳೆಯ ಅಂಗಿ. ಬೆರಳುಗಳ ವ್ಯಾಯಾಮಕ್ಕೆ ಕೊಡಬೇಕಾದ ರಬ್ಬರಿನ ಹಿಟ್ಟು ಮೂರು ವರ್ಷದಿಂದ ಸರಬರಾಜಾಗಿಲ್ಲ. ರೇವತಿ ಮನೆಯಿಂದ ಜೋಳದ ಹಿಟ್ಟು ತರುತ್ತಾಳೆ. ಇಲ್ಲಿಗೆ ಬರುವ ಹೆಂಗಸರಿಗೆ ಅದೇ ಚೆನ್ನ. ಏನು ಮಾಡಲು ಬರಬೇಕು ನಿನಗೆ ಎಂದು ಮೊದಲ ದಿನ ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಭಾಕರಿ ಬಡಿಯಬೇಕು ಎನ್ನುತ್ತಾರೆ.

ಗಂಟುಕಟ್ಟಿದ ಬೆರಳನ್ನು ಮಡಚಿಸುವುದು ಎಂದರೆ ತನ್ನ ಹೆಬ್ಬೆರಳನ್ನು ಅದರ ಬೆನ್ನಿಗೆ ಒತ್ತಿ ಹಿಡಿಯುವುದು. ದಿನಕ್ಕೆ ಮೂವತ್ತು ಕೈ, ಕೈಗೆ ಹತ್ತು ನಿಮಿಷ. ಇಪ್ಪತ್ತೆರಡು ವರ್ಷ ಹೀಗೆ ಒತ್ತಿ ಒತ್ತಿ ರೇವತಿಯ ಎರಡೂ ಹೆಬ್ಬೆರಳಿನ ಬುಡ ಸವೆದಿದ್ದವು. ಉಪ್ಪಿನಕಾಯಿ ಬರಣಿಯ ಮುಚ್ಚಳ ತೆಗೆಯಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಬೆಳಿಗ್ಗೆ ಸೀರೆಯ ನಿರಿಗೆ ಹಿಡಿಯುವಾಗ ಬೆರಳು ಬಿಡುತ್ತಿದ್ದವು. ಹಾಗಾಗಿ ಎರಡು ವರ್ಷದಿಂದ ಪಂಜಾಬಿ ಡ್ರೆಸ್ಸು. ಯಾರಿಗೂ ಹೇಳಿರಲಿಲ್ಲ. ಕೈ ಸರಿಮಾಡುವವಳ ಕೈ ಕೆಟ್ಟಿದೆ ಎಂದರೆ ಜನ ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೇಳುವುದಕ್ಕೂ ಒಂದಿಷ್ಟು ಕಸುವು ಬೇಕಲ್ಲ, ಅದು ಸಂಜೆ ನಾಲ್ಕರ ಹೊತ್ತಿಗೆ ಉಳಿದಿರುತ್ತಿರಲಿಲ್ಲ.

ಖೋಲಿಯಲ್ಲಿ ಒಂದು ಮಾಪಕವಿತ್ತು. ಹಿಡಿಕೆಯನ್ನು ಹಿಂಡಿದರೆ ಮೇಲಿನ ಗಡಿಯಾರದಂಥ ಮುಖದಲ್ಲಿ ಮುಳ್ಳು ಏರಿ, ಎಷ್ಟು ಕಿಲೋ ಹಿಡಿತ ಎಂದು ತೋರಿಸುತ್ತದೆ. ಹೋದ ವರ್ಷ ಬಂದಿದ್ದ ಮೈನುದ್ದೀನ ತಂಬೋಳಿ ಅದಕ್ಕೆ ಎಮ್ಮೆ ಎಂದು ಹೆಸರಿಟ್ಟ. ಅವನು ಶೀಟು ಬಗ್ಗಿಸುವ ಯಂತ್ರದ ಮೇಲೆ ಹದಿನಾರು ವರ್ಷ ದುಡಿದವನು, ಬಲಗೈಯ ತೋರುಬೆರಳು ಹೋಗಿ ಹೆಬ್ಬೆರಳು ಜಜ್ಜಿಹೋಗಿತ್ತು. ಬಾಗಿಲಲ್ಲೇ ನಿಂತು, ಎಮ್ಮಿ ಎದ್ದೈತೇನ್ರಿ ಅಕ್ಕಾರ, ಹಿಂಡಾಕ ಬಂದೀನಿ, ಎನ್ನುತ್ತಿದ್ದ. ಕಿಲೋ ಹೋಗಿ ಲೀಟರ್ ಆಯಿತು. ಅಂದಿನಿಂದ ಖೋಲಿಯವರಿಗೆಲ್ಲ ಅದು ಎಮ್ಮೆಯೇ.

ಆದರೆ ಕರಿಹಲಗೆ ಹಾಕಿಸಿದವಳು ರೇವತಿ. ಬಂದವರ ಹೆಸರು, ಮುಂದೆ ಆ ವಾರ ಅವರು ಹಿಂಡಿದ ಎಲ್ಲಕ್ಕಿಂತ ದೊಡ್ಡ ಅಂಕಿ, ಸೀಮೆಸುಣ್ಣದಲ್ಲಿ. ಸತ್ತ ಹಾಗೆ ಮಡಿಲಲ್ಲಿ ಬಿದ್ದಿರುವ ಕೈಯನ್ನು ನೋಡಿ ನೋಡಿ ಮುಖ ತಿರುಗಿಸಿಕೊಳ್ಳುವ ಜನಕ್ಕೆ ಒಂದು ಆಸೆ ಬೇಕಾಗಿತ್ತು. ಹಿಂಡುವಾಗ ರೇವತಿ ಬಾಗಿ ನಿಂತು, ‘ಇನ್ನೊಂಚೂರು’ ಎನ್ನುತ್ತಿದ್ದಳು. ಮುಳ್ಳು ನಿಂತ ಕಡೆ ಮತ್ತೆ, ‘ಇನ್ನೊಂಚೂರು.’ ಸಾಲಿನಲ್ಲಿ ಕೂತವರೂ ದನಿಗೂಡಿಸುತ್ತಿದ್ದರು. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಹಿಂಡುತ್ತಿದ್ದರು. ಅಂಕಿ ಹಲಗೆಗೆ ಏರುತ್ತಿತ್ತು. ತಂಬೋಳಿ ಮೂವತ್ತೊಂದು ಹಿಂಡಿದ ದಿನ ಇಡೀ ಖೋಲಿಗೆ ಕಟಿಂಗ್ ಚಹಾ ತರಿಸಿದ್ದ. ಅದೇ ಅಂಕಿಯನ್ನು ರೇವತಿ ಫೈಲಿಗೂ ಇಳಿಸುತ್ತಿದ್ದಳು. ಫೈಲು ಮೇಲಿನ ಮಹಡಿಗೆ ಹೋಗುತ್ತಿತ್ತು. ಮೇಲೆ ಹೋದ ಫೈಲು ಮುಂದೇನಾಗುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಮೆಟ್ಟಿಲು ಹತ್ತಿ ಕೇಳಿರಲಿಲ್ಲ. ಕೆಳಗೆ ಮೂವತ್ತು ಕೈ ಕಾಯುತ್ತಿದ್ದವು ಎಂಬುದು ನಿಜ. ಕೇಳದಿದ್ದದ್ದಕ್ಕೆ ಅದು ನೆಪವೂ ಆಗಿತ್ತು.

ಛಬು ಅವಳ ಹತ್ತಿರ ಬಂದದ್ದು ಹೊಲಿಗೆ ಬಿಚ್ಚಿದ ಮೇಲೆ, ದೀಪಾವಳಿ ಕಳೆದ ವಾರ. ಇಪ್ಪತ್ತೊಂಬತ್ತರ ಹೆಂಗಸು, ಜಾಲನಾ ಕಡೆಯವಳು. ಗಂಡ ಬೇರೆ ಕಾರಖಾನೆಯಲ್ಲಿ ಲೋಡಿಂಗ್. ಕೈಯನ್ನು ಸೆರಗಿನ ಒಳಗೆ ಮುಚ್ಚಿಕೊಂಡು ಕೂತಿದ್ದಳು. ರೇವತಿ ಎಲ್ಲರನ್ನೂ ಕೇಳುವ ಹಾಗೆ, ಹ್ಯಾಂಗ ಅದ ಕೈ, ಎಂದಳು. ಛಬು, ಚಲೋ ಐತ್ರಿ, ಎಂದಳು. ರೇವತಿ ಫೈಲಿನಲ್ಲಿ ಬರೆದಳು: ರೋಗಿ ಚೆನ್ನಾಗಿದೆ ಎನ್ನುತ್ತಾರೆ.

ಹೋದ ಉಗುರು ಬೆಳೆಯುತ್ತಿದೆ ಅನಿಸುತ್ತದೆ, ಕತ್ತರಿಸಬೇಕು ಅನಿಸುತ್ತದೆ, ಕತ್ತರಿ ಹಿಡಿದು ನೋಡಿದರೆ ಬೆರಳೇ ಇಲ್ಲ ಎಂದು ಛಬು ಹೇಳಿದ್ದು ಮೂರನೆಯ ವಾರ, ಅದೂ ರೇವತಿಗಲ್ಲ, ಆಯಾ ಗೋದಾ ಮಾವಶಿಗೆ. ಮಾವಶಿ ಮೇಣದ ತೊಟ್ಟಿ ಕಲಕುತ್ತ, ಬೆಳೀಲಿ ಬಿಡು, ಬಣ್ಣ ಹಚ್ಚೂಣು, ಎಂದಳು. ಛಬು ಅಪಘಾತದ ನಂತರ ಮೊದಲ ಸಲ ನಕ್ಕದ್ದು ಆಗ.

ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಅವಳ ವಠಾರಕ್ಕೆ ಬಳೆಗಾರ ಬಂದಿದ್ದ. ಮುದುಕ. ಛಬುವಿನ ಬಲಗೈ ಹಿಡಿದು, ಅಂಗೈಯನ್ನು ದೋಣಿಯ ಹಾಗೆ ಮಡಚಲು ನೋಡಿ, ಕ್ಷಣ ಹೊತ್ತು ಬೆರಳ ಬುಡವನ್ನು ಸವರಿ, ಹಸಿರು ಬಳೆ ಪಕ್ಕಕ್ಕಿಟ್ಟ. ಎಲುಬು ಒಲ್ಲೆ ಅನ್ನಾಕತ್ತೈತಿ ಮಗಳ, ಎಡಗೈಗೆ ಎರಡು ಹೆಚ್ಚಿಗಿ ಹಾಕ್ತೀನಿ, ಎಂದನಂತೆ. ಛಬು ಇದನ್ನು ಹೇಳುವಾಗ ಸೋತವಳ ಹಾಗೆ ಮುಖ ಮಾಡಿದ್ದಳು. ರೇವತಿ ಅವಳ ಬೆನ್ನು ತಟ್ಟಿ, ಮುಂದಿನ ಸಂಕ್ರಾಂತಿಗೆ ಎರಡೂ ಕೈಗೆ ಹಾಕಿಸೋಣ ಎಂದು ಎಮ್ಮೆಯನ್ನು ಕೊಟ್ಟಳು. ಆ ದಿನ ಹನ್ನೊಂದು. ಫೆಬ್ರವರಿ ಕೊನೆಗೆ ಹದಿನಾಲ್ಕು. ಹಲಗೆಯ ಮೇಲೆ ಛಬುವಿನ ಹೆಸರಿನ ಮುಂದೆ ಮಾವಶಿ ಒಂದು ಹೂವನ್ನೂ ಬರೆದಳು.

ಹೋಳಿ ಕಳೆದ ಮಂಗಳವಾರ ತಂಬೋಳಿ ಬಾಗಿಲಲ್ಲಿ ನಿಂತಿದ್ದ. ಎಮ್ಮೆಯ ಮಾತು ಇಲ್ಲ. ಎಡಗೈ ಕೊರಳಿಗೆ ಜೋತುಬಿದ್ದಿತ್ತು, ಬ್ಯಾಂಡೇಜು ಮಣಿಕಟ್ಟಿನ ಹತ್ತಿರವೇ ಮುಗಿದಿತ್ತು, ಅದರಾಚೆ ಅಂಗೈ ಇರಲಿಲ್ಲ. ರೇವತಿ ಹಿಡಿದಿದ್ದ ಕೈಯನ್ನು ಬಿಟ್ಟು ಎದ್ದಳು. ಅವನು ಬೆಂಚಿನ ತುದಿಗೆ ಕೂತ.

‘ಇದು ಹ್ಯಾಂಗಾತು?’

‘ಎರಡೂ ಕೈ ಒಂದ ಖೋಲ್ಯಾಗ ಇರಲಿ ಅಂತ ತಂದೆ ಅಕ್ಕಾರ,’ ಎಂದ ಅವನು. ತಾನೇ ನಗಲಿಲ್ಲ.

ಆಮೇಲೆ ಹೇಳಿದ. ಹೋದ ಮಳೆಗಾಲದಲ್ಲಿ ಆಸ್ಪತ್ರೆಯ ಡಾಕ್ಟರರ ಮಂಡಳಿ ಅವನನ್ನು ಮೊದಲಿನ ಕೆಲಸಕ್ಕೆ ಯೋಗ್ಯ ಎಂದು ಬರೆದುಕೊಟ್ಟಿತ್ತು. ಅದೇ ಯಂತ್ರ, ಅದೇ ಶೀಟು. ಮೊದಲ ತಾಸು ಚೆನ್ನಾಗಿ ಹೋಗುತ್ತಿತ್ತು. ಊಟದ ಹೊತ್ತಿಗೆ ಬಲಗೈಗೆ ಜುಮ್ಮು ಹಿಡಿದು ಶೀಟು ಜಾರತೊಡಗುತ್ತಿತ್ತು. ಜಾರುವ ಶೀಟನ್ನು ಹಿಡಿಯಲು ಎಡಗೈ ಮುಂದೆ ಹೋಗುವುದು ಅಭ್ಯಾಸವಾಯಿತು. ಏಳು ತಿಂಗಳು ಹೋಗಿ ಹೋಗಿ ವಾಪಸು ಬಂತು. ಒಂದು ದಿನ ಬರಲಿಲ್ಲ.

‘ಮೂವತ್ತೊಂದು ಹಿಂಡಿದ್ದೆ ಅಲ್ರಿ,’ ಎಂದ ತಂಬೋಳಿ ಹಲಗೆಯ ಕಡೆ ನೋಡುತ್ತ. ‘ಒಂದ ಸಲ ಹಿಂಡಾಕ ಆಗ್ತೈತಿ ಅಕ್ಕಾರ. ಎರಡ ಸಾವಿರ ಸಲ ಹಿಂಡಾಕ ಆಗಲಿಲ್ಲ.’

ಅಂದು ಸಂಜೆ ರೇವತಿ ಮೇಲಿನ ಮಹಡಿಗೆ ಹೋಗಿ ತಂಬೋಳಿಯ ಹಳೆಯ ಫೈಲು ತೆಗೆಸಿದಳು. ಗುಮಾಸ್ತ ಊಟದ ಡಬ್ಬಿ ಚೀಲಕ್ಕೆ ಹಾಕುತ್ತಿದ್ದವನು, ನಾಳೆ ಬನ್ನಿ ಎಂದು ಗೊಣಗಿ ಕೊನೆಗೆ ಕೊಟ್ಟ. ಮಂಡಳಿಯ ಹಾಳೆ ಒಂದೇ. ಅದರಲ್ಲಿ ಗರಿಷ್ಠ ಹಿಡಿತ ಎಂಬ ಚೌಕದಲ್ಲಿ ಮೂವತ್ತೊಂದು. ಕೆಳಗೆ, ಮೊದಲಿನ ಕೆಲಸಕ್ಕೆ ಯೋಗ್ಯ. ಅದರ ಕೆಳಗೆ, ಆಧಾರ: ಚಿಕಿತ್ಸಾ ವಿಭಾಗದ ದಾಖಲೆ, ಸಹಿ ರೇ. ಲೋಂಢೆ. ಸಹಿ ಅವಳದೇ. ದುಂಡಗಿನ, ಶಾಲೆಯ ಮಕ್ಕಳಿಗೆ ತೋರಿಸಬಹುದಾದಂಥ ಅಕ್ಷರ.

ಸೆನ್ಸರು ಬಿಚ್ಚಿದವರು ಯಾರು ಎಂದು ಕೇಳಿದರೆ ಹೆಸರು ಸಿಗುತ್ತದೆ. ಅಜಾಗರೂಕತೆ ಎಂದು ಬರೆದವರ ಹೆಸರೂ ಸಿಗುತ್ತದೆ. ಮುರಿದ ಕೈಗೆ ಚಪ್ಪಾಳೆ ತಟ್ಟಿ, ಅದರ ಒಂದು ಕ್ಷಣದ ಕಸುವನ್ನು ಎಂಟು ತಾಸಿನ ದುಡಿಮೆಯ ರಸೀದಿ ಮಾಡಿ ಮೇಲಕ್ಕೆ ಕಳಿಸಿದವರು ಯಾರು ಎಂದು ಕೇಳಿದರೆ ಈ ಹೆಸರು. ರೇವತಿ ಫೈಲು ಮುಚ್ಚಿ ಕೊಟ್ಟಳು. ಗುಮಾಸ್ತ ಏನಾದರೂ ತಪ್ಪಾಗಿದೆಯೇ ಎಂದು ಕೇಳಿದ. ಇಲ್ಲ, ಎಲ್ಲ ಸರಿಯಾಗಿ ಬರೆದಿದೆ ಎಂದಳು.

ಮಂಡಳಿಯ ಮುಂದೆ ಛಬುವಿನ ಸರದಿ ಆ ವಾರವೇ, ಶುಕ್ರವಾರ. ಹಿಡಿತ ಹನ್ನೆರಡು ಕಿಲೋ ದಾಟಿದ ಹೆಂಗಸು ಮೊದಲಿನ ಕೆಲಸಕ್ಕೆ ಯೋಗ್ಯಳು ಎಂಬುದು ಮಂಡಳಿಯ ಅಧ್ಯಕ್ಷ ಡಾಕ್ಟರ್ ಪರಚುರೆಯವರು ಬಹಳ ವರ್ಷದಿಂದ ನಡೆಸಿಕೊಂಡು ಬಂದ ಲೆಕ್ಕ. ಯೋಗ್ಯಳು ಎಂದರೆ ಅದೇ ಪ್ರೆಸ್ಸು, ಸೆನ್ಸರು ಇನ್ನೂ ಕಪಾಟಿನಲ್ಲೇ ಇರುವ ಪ್ರೆಸ್ಸು. ಹೋಗಲಾರೆ ಎಂದರೆ ಕೆಲಸ ಬಿಟ್ಟಂತೆ. ಯೋಗ್ಯಳಲ್ಲ ಎಂದರೆ ಕಂಪನಿ ಅವಳನ್ನು ಮಾಲು ಪರೀಕ್ಷಿಸುವ ಮೇಜಿಗೆ ಕೂರಿಸಬೇಕು. ಅಲ್ಲಿ ಕೈಗಿಂತ ಕಣ್ಣಿನ ಕೆಲಸ ಹೆಚ್ಚು. ಛಬುವಿಗೆ ಬೇಕಾದದ್ದು ಅದಷ್ಟೇ, ಆ ಮೇಜು. ಫೈಲಿನಲ್ಲಿ ಹದಿನಾಲ್ಕು ಇತ್ತು.

ರೇವತಿ ಬುಧವಾರ ಬೆಳಿಗ್ಗೆ ಛಬುವಿನ ಫೈಲನ್ನು ಮೊದಲಿನಿಂದ ಓದಿದಳು. ಮೂವತ್ತೊಂದು ಸಲ ಬಂದಿದ್ದಳು. ಮೂವತ್ತೊಂದು ಸಲವೂ ಮೊದಲ ಸಾಲು, ರೋಗಿ ಚೆನ್ನಾಗಿದೆ ಎನ್ನುತ್ತಾರೆ.

ಅಷ್ಟರಲ್ಲಿ ಛಬುವೇ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಬಿಚ್ಚಿದರೆ ಜೋಳದ ಭಾಕರಿ, ಮೇಲೆ ಹಸಿಮೆಣಸಿನ ಠೇಚಾ. ಅಪಘಾತವಾದ ಮೇಲೆ ಮೊದಲ ಸಲ ತಾನೇ ಬಡಿದದ್ದು. ಒಂದು ಅಂಚು ಹರಿದಿತ್ತು, ನಡುವೆ ದಪ್ಪ, ಅಂಚಿಗೆ ತೆಳು. ಮೇಲೆ ಮೂರು ಬೆರಳಿನ ಗುರುತು ಕಾಣುತ್ತಿತ್ತು. ಖೋಲಿಯವರೆಲ್ಲ ಒಂದೊಂದು ತುಣುಕು ಮುರಿದುಕೊಂಡರು. ತಂಬೋಳಿಯ ಬಾಯಿಗೆ ಮಾವಶಿಯೇ ಇಟ್ಟಳು. ಇದು ಭಾಕರಿ ಅಲ್ಲ, ಮಹಾರಾಷ್ಟ್ರದ ನಕಾಶೆ ಎಂದು ಅವನು ಹೇಳಿದ ಮೇಲೆ ಖೋಲಿಯ ಬಿಗುವು ಸ್ವಲ್ಪ ಸಡಿಲಿತು.

ರೇವತಿ ಎಂದಿನಂತೆ ಕೇಳಿದಳು, ಹ್ಯಾಂಗ ಅದ ಕೈ. ಛಬು ಚಲೋ ಐತ್ರಿ ಎಂದಳು. ರೇವತಿಯ ಪೆನ್ನು ಹಾಳೆಯ ಮೇಲೆ ನಿಂತಿತು.

ಮಾವಶಿ ಮೇಣದ ತೊಟ್ಟಿಯ ಹತ್ತಿರದಿಂದಲೇ, ಎಷ್ಟು ಬಡದಿ ಎಂದು ಕೇಳಿದಳು.

‘ಒಂದ.’

‘ಒಂದ ಯಾಕ? ಗಂಡಗ?’

‘ನಿನ್ನಿ ಮುಂಜಾನೆ ಒಂದ ಬಡದ ಮ್ಯಾಲ ಕೈ ಎತ್ತಾಕ ಆಗಲಿಲ್ಲ. ಸಂಜಿತನಾ ನೀರಿನ ಲೋಟಾನೂ ಅವರ ಹಿಡದ್ರು.’

ರೇವತಿ ತಲೆ ಎತ್ತಿದಳು. ‘ಈಗ ಚಲೋ ಐತಿ ಅಂದ್ಯಲ್ಲ?’

ಛಬು ಇದೇನು ಕೇಳುತ್ತಾರೆ ಎಂಬ ಹಾಗೆ ಮಾವಶಿಯ ಕಡೆ ನೋಡಿ, ಆಮೇಲೆ ರೇವತಿಗೆ ಹೇಳಿದಳು. ‘ಹ್ಯಾಂಗ ಐತಿ ಅಂತ ಕೇಳಿದ್ರಿ ಅಲ್ರಿ ಅಕ್ಕಾರ. ಹ್ಯಾಂಗ ಐತಿ ಅಂದ್ರ ಚಲೋ ಐತಿ ಅನ್ನಬೇಕಲ್ರಿ.’

ಇದು ರೇವತಿಗೆ ಗೊತ್ತಿರದ ಸಂಗತಿಯಲ್ಲ. ಅವಳೂ ಇದೇ ಜನದ ನಡುವೆ ಹುಟ್ಟಿದವಳು. ಮನೆಯಲ್ಲಿ ಹೆಣ ಇದ್ದರೂ ಬಾಗಿಲಿಗೆ ಬಂದವರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಎಂದು ಮೊದಲು ಹೇಳಿ, ಕೂರಿಸಿ, ನೀರು ಕೊಟ್ಟು, ಆಮೇಲೆ ಅಳುವುದು ಇಲ್ಲಿಯ ರೀತಿ. ಅವಳ ತಾಯಿ ಸಾಯುವ ಹಿಂದಿನ ದಿನವೂ ಚಲೋ ಅದೇನಿ ಎಂದಿದ್ದಳು. ಅದು ಬಂದವರಿಗೆ ಕೊಡುವ ಮರ್ಯಾದೆ. ಆ ಮರ್ಯಾದೆಯನ್ನು ರೇವತಿ ಮೂವತ್ತೊಂದು ಸಲ ಸಾಕ್ಷಿ ಎಂದು ಬರೆದುಕೊಂಡಿದ್ದಳು. ಛಬು ಆ ಮಾತನ್ನು ಚಹಾ ಕೊಟ್ಟ ಹಾಗೆ ಕೊಟ್ಟಿದ್ದಳು, ಇವಳು ಅದನ್ನು ಹೇಳಿಕೆ ಎಂದು ಮುದ್ರೆ ಒತ್ತಿದ್ದಳು.

ಅವಳು ಎದ್ದು ಕರಿಹಲಗೆಯನ್ನು ಒರೆಸಿದಳು. ಮಾವಶಿ ಬರೆದ ಹೂವನ್ನೂ. ಆಮೇಲೆ ಛಬುವನ್ನು ಕೂರಿಸಿ, ಮೊದಲ ಸಲ ಎಂದಿನಂತೆ ಹಿಂಡಿಸಿದಳು. ಹದಿನಾಲ್ಕು. ಅರ್ಧ ನಿಮಿಷ ಬಿಟ್ಟು ಮತ್ತೆ. ಈ ಸಲ ಬಾಯಿ ಬಿಡಲಿಲ್ಲ. ಹತ್ತು ಸಲ ಹಿಂಡಿಸಿದಳು, ಹತ್ತನ್ನೂ ಬರೆದಳು. ಹದಿನಾಲ್ಕು, ಹನ್ನೆರಡು, ಹನ್ನೊಂದು, ಒಂಬತ್ತು, ಒಂಬತ್ತು, ಏಳು, ಆರು, ಆರು, ಐದು, ನಾಲ್ಕು. ನಾಲ್ಕಕ್ಕೆ ಬಂದಾಗ ಜಜ್ಜಿದ ಬೆರಳು ಬದನೆಯ ಬಣ್ಣಕ್ಕೆ ತಿರುಗಿತ್ತು. ಛಬು ಅದನ್ನು ಸೆರಗಿನೊಳಗೆ ಎಳೆದುಕೊಂಡು, ಹಾಲು ಬತ್ತಿತ್ರಿ ಅಕ್ಕಾರ, ಎಂದು ತಪ್ಪೊಪ್ಪಿಕೊಳ್ಳುವವಳ ಹಾಗೆ ಹೇಳಿದಳು.

ಪರಚುರೆ ಸಾಹೇಬರು ಕೆಟ್ಟವರೆಂದು ಆಸ್ಪತ್ರೆಯಲ್ಲಿ ಯಾರೂ ಹೇಳುವುದಿಲ್ಲ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೇಜಿನ ತುಂಬ ಫೈಲು, ಕಣ್ಣಿನ ಕೆಳಗೆ ಚೀಲ. ರೇವತಿ ತಂದ ಹಾಳೆಯನ್ನು ಅವರು ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಅದರ ಕಡ್ಡಿಯಿಂದ ಮಂಡಳಿಯ ಫಾರ್ಮಿನ ಹಿಡಿತದ ಚೌಕ ತೋರಿಸಿದರು.

‘ಇಲ್ಲಿ ಒಂದ ಮನಿ ಅದ ಮ್ಯಾಡಮ್. ಹತ್ತು ಅಂಕಿ ಎಲ್ಲಿ ಬರೀಲಿ?’

ಕೊನೆಯದನ್ನು ಬರೆಯಿರಿ ಎಂದಳು ರೇವತಿ. ಎಂಟು ತಾಸು ಕೆಲಸ ಮಾಡುವುದು ಕೊನೆಯ ಅಂಕಿಯ ಕೈಯೇ ಹೊರತು ಮೊದಲನೆಯದಲ್ಲ ಎಂದು ವಿವರಿಸಿದಳು. ತಂಬೋಳಿಯ ಎಡಗೈಯ ಸಂಗತಿಯನ್ನೂ ಹೇಳಿದಳು. ಸಾಹೇಬರು ತಂಬೋಳಿಯ ಹೆಸರು ಕೇಳಿ ಕಿಟಕಿಯ ಕಡೆ ನೋಡಿದರು.

‘ನಾಲ್ಕು ಬರದ್ರ ನಾಟಕ ಮಾಡ್ಯಾಳ ಅಂತಾರ. ಹದಿನಾಲ್ಕು ಬರದ್ರ ನಿಮ್ಮ ಚಿಕಿತ್ಸಾ ಗೆದ್ದದ ಅಂತಾರ. ಐದು ತಿಂಗಳು ದುಡದೀರಿ. ನಿಮ್ಮ ದುಡಿತ ನೀವ ಯಾಕ ಅಳಸ್ತೀರಿ?’

ರೇವತಿ ಹಾಳೆಯನ್ನು ಫೈಲಿಗೆ ಸೇರಿಸಿ ಎಂದಷ್ಟೇ ಹೇಳಿ ಕೆಳಗೆ ಬಂದಳು. ಎಲ್ಲರೂ ಹೋಗಿದ್ದರು. ಮೇಜಿನ ಮೇಲೆ ಎಮ್ಮೆ ಇತ್ತು. ಅವಳು ಕೂತು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ತನ್ನ ಬಲಗೈಯಿಂದ ಹಿಂಡಿದಳು. ಹೆಬ್ಬೆರಳಿನ ಬುಡದಿಂದ ನೋವು ಮೊಣಕೈವರೆಗೆ ಎದ್ದಿತು. ಹನ್ನೊಂದು. ಅಂದರೆ ಮಂಡಳಿಯ ಲೆಕ್ಕಕ್ಕೆ ಛಬುವಿನ ಕೈ ತನ್ನ ಕೈಗಿಂತ ಗಟ್ಟಿ. ಅವಳಿಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಎದ್ದಳು.

ಗುರುವಾರ ಛಬು ಕೇಳಿದಳು. ಖೋಲಿಯ ಹೊರಗೆ, ನೀರಿನ ಟಾಕಿಯ ಹತ್ತಿರ. ಮಾವಶಿ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದಳು.

‘ಹಂಗಾರ ನಾಳಿ ಕಡಿಮಿ ಹಿಂಡ್ಲ್ಯಾ ಅಕ್ಕಾರ?’

ಹೌದು ಎಂದರೆ ಮುಗಿಯುತ್ತಿತ್ತು. ಒಂದು ತಲೆಯಾಡಿಸಿದರೆ ಸಾಕಿತ್ತು. ಆದರೆ ಹಾಗೆ ಎಂದ ಕೂಡಲೇ ಅವಳನ್ನು ನಾಟಕದವಳು ಎನ್ನುವವರ ಮಾತು ನಿಜವಾಗುತ್ತಿತ್ತು. ಈ ಕೈಗೆ ಸುಳ್ಳು ಬೇಕಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡುವವರು ಬೇಕಾಗಿತ್ತು.

‘ಬ್ಯಾಡ. ಇದ್ದಷ್ಟು ಹಿಂಡು,’ ಎಂದಳು ರೇವತಿ. ‘ಆದ್ರ ಹ್ಯಾಂಗ ಅದ ಅಂತ ಕೇಳಿದ್ರ ಖರೇ ಹೇಳು. ಭಾಕರಿದು ಹೇಳು, ಲೋಟಾದ್ದು ಹೇಳು.’

ಛಬು ತನ್ನ ಎಡಗೈಯ ಬಳೆಗಳನ್ನು ನೋಡಿಕೊಂಡಳು. ಅಷ್ಟು ದೊಡ್ಡ ಸಾಹೇಬ್ರು ತಾವಾಗಿ ಕೇಳಿದರೆ ಚಲೋ ಇಲ್ಲ ಎಂದು ಮುಖಕ್ಕೆ ಹೇಗೆ ಹೇಳುವುದು ಎಂದಳು. ಪ್ರಯತ್ನ ಮಾಡುತ್ತೇನೆ ಎಂದೂ ಹೇಳಿದಳು.

ಶುಕ್ರವಾರ ಹನ್ನೊಂದೂವರೆಗೆ ಕರೆದರು. ಪರಚುರೆ ಸಾಹೇಬರು ನಡುವೆ, ಅವರ ಅಕ್ಕಪಕ್ಕ ಇಬ್ಬರು ಡಾಕ್ಟರರು, ಗೋಡೆಗೆ ಹಾಕಿದ ಕುರ್ಚಿಯಲ್ಲಿ ಕಂಪನಿಯಿಂದ ಬಂದ ನಿಕಮ. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಪ್ಲಾಸ್ಟಿಕ್ ಫೋಲ್ಡರು. ಛಬುವನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಮಾರ್ಚಿ ತಿಂಗಳು, ಲೈನು ಖಾಲಿ ಬಿದ್ದಿದೆ, ನಿಮ್ಮ ಜಾಗ ಹಾಗೇ ಇಟ್ಟಿದ್ದೇವೆ ವಹಿನಿ, ಎಂದು ಮನೆಯ ಅತ್ತಿಗೆಗೆ ಹೇಳುವ ಹಾಗೆ ಹೇಳಿದ. ಜಾಗ ಎಂದರೆ ಯಾವುದು ಎಂದು ಅವಳಿಗೂ ಗೊತ್ತಿತ್ತು. ರೇವತಿಗೆ ಕುರ್ಚಿ ಇರಲಿಲ್ಲ. ಎಮ್ಮೆಯನ್ನು ತರಲು ಹೇಳಿದ್ದರಿಂದ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಪಕ್ಕ ನಿಂತಿದ್ದಳು.

‘ಹ್ಯಾಂಗ ಅದ ಕೈ?’ ಎಂದು ಕೇಳಿದರು ಸಾಹೇಬರು. ಮೆತ್ತಗಿನ ದನಿ.

ಛಬು ಬಾಯಿ ತೆರೆದಳು. ರೇವತಿಯನ್ನು ನೋಡಿದಳು. ಸಾಹೇಬರ ಬಿಳಿಯ ಕೂದಲು ನೋಡಿದಳು. ನಿಂತಲ್ಲೇ ಸೆರಗು ಸರಿಮಾಡಿಕೊಂಡಳು.

‘ಚಲೋ ಐತ್ರಿ,’ ಎಂದಳು.

ಮೂಲೆಯಲ್ಲಿ ಕೂತ ಗುಮಾಸ್ತನ ಪೆನ್ನು ಓಡಿತು. ಛಬುವಿನ ಕಣ್ಣಿನಲ್ಲಿ ನೀರು ತುಂಬಿತು, ಆದರೆ ಆಡಿದ ಮಾತನ್ನು ತೆಗೆದುಕೊಳ್ಳುವ ದಾರಿ ಅವಳಿಗೆ ಯಾರೂ ಕಲಿಸಿರಲಿಲ್ಲ. ರೇವತಿ, ಸಾಹೇಬ್ರ, ಅದು ಉತ್ತರ ಅಲ್ಲ, ನಮಸ್ಕಾರ, ಎಂದಳು. ಪಕ್ಕದ ಡಾಕ್ಟರರೊಬ್ಬರು ಗಡಿಯಾರ ನೋಡಿಕೊಂಡರು. ಸಾಹೇಬರು ಮಾಪಕ ಕೊಡಲು ಕೈ ಮಾಡಿದರು.

ಛಬು ಹಿಂಡಿದಳು. ಮುಳ್ಳು ಎಂಟಕ್ಕೆ ಹೋಗಿ ನಿಂತಿತು. ದನಿಗೂಡಿಸುವವರು ಇಲ್ಲಿ ಯಾರೂ ಇರಲಿಲ್ಲ. ಸಾಹೇಬರು ಇನ್ನೊಮ್ಮೆ ಎಂದರು. ಎಂಟು.

ನಿಕಮ ಗಂಟಲು ಸರಿಮಾಡಿಕೊಂಡ. ಫೈಲಿನಲ್ಲಿ ಹದಿನಾಲ್ಕು ಇದೆ, ಹದಿನೈದು ದಿನದ ಹಿಂದಿನದು, ಕೈ ಹದಿನೈದು ದಿನದಲ್ಲಿ ಇಳಿಯುತ್ತದೆಯೇ ಎಂದು ಬಹಳ ವಿನಯದಿಂದ ವಿಚಾರಿಸಿದ. ತಾನು ಯಾರ ಮೇಲೂ ಆರೋಪ ಮಾಡುತ್ತಿಲ್ಲ ಎಂದೂ ಸೇರಿಸಿದ. ಹತ್ತು ಅಂಕಿಯ ಹಾಳೆ ಫೈಲಿನಲ್ಲೇ ಇದೆ ಎಂದಳು ರೇವತಿ. ಯಾರೂ ಪುಟ ತಿರುವಲಿಲ್ಲ.

ಪರಚುರೆ ಸಾಹೇಬರು ಹಣೆ ಒತ್ತಿಕೊಂಡರು. ಇನ್ನೂ ಹದಿನೇಳು ಜನ ಹೊರಗೆ ಕೂತಿದ್ದರು.

‘ಇಲ್ಲಿ ಹೆದರ್ಯಾಳ ಅಷ್ಟ,’ ಎಂದರು. ‘ಮ್ಯಾಡಮ್, ನೀವು ಬಂದು ಬಾಜೂ ನಿಲ್ರಿ. ನಿಮ್ಮ ಖೋಲ್ಯಾಗ ಅಂತೀರಲ್ಲ, ಹಂಗ ಅನ್ರಿ. ನಿಮ್ಮ ದನಿ ಕೇಳಿದ್ರ ಹಿಂಡ್ತಾಳ.’

ಅದು ನಿಜವೇ ಆಗಿತ್ತು. ಛಬು ಆಗಲೇ ರೇವತಿಯ ಕಡೆ ತಿರುಗಿದ್ದಳು. ಹಿಡಿಕೆಯನ್ನು ಸುತ್ತಿ ಮೂರು ಬೆರಳು ಕಾಯುತ್ತಿದ್ದವು, ತುಂಡಾದ ಎರಡೂ ತಮ್ಮ ಪಾಲಿಗೆ ಮೋಟಾಗಿಯೇ ಬಾಗಿದ್ದವು. ಆ ಒಂದು ಮಾತು ಬಿದ್ದರೆ ಸಾಕು, ಹಲ್ಲು ಕಚ್ಚುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಹದಿನಾಲ್ಕು ಏಕೆ, ಹದಿನೈದಾದರೂ ತೆಗೆಯುತ್ತಾಳೆ. ಐದು ತಿಂಗಳಿನಿಂದ ಆ ಮಾತಿಗೆ ಇಲ್ಲ ಎಂದವಳಲ್ಲ. ಎಲುಬು ಒಲ್ಲೆ ಎಂದದ್ದನ್ನು ಬೆರಳ ತುದಿಯಿಂದ ಕೇಳಿಸಿಕೊಂಡು ಬಳೆ ಪಕ್ಕಕ್ಕಿಟ್ಟ ಮುದುಕ ರೇವತಿಗೆ ನೆನಪಾದ.

ಅವಳು ಛಬುವಿನ ಪಕ್ಕಕ್ಕೆ ಹೋಗಿ ನಿಂತಳು. ಎಲ್ಲರೂ ಕಾದರು. ಅವಳು ಬಾಗಲಿಲ್ಲ, ಬಾಯಿ ತೆರೆಯಲಿಲ್ಲ.

‘ಅನ್ರಿ ಮ್ಯಾಡಮ್.’

‘ಅನ್ನೂದಿಲ್ಲ,’ ಎಂದಳು ರೇವತಿ.

ಸಾಹೇಬರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ಇದು ಮಂಡಳಿ, ಇದು ವಿನಂತಿಯಲ್ಲ, ತಾನು ಹೇಳಿದ್ದನ್ನೂ ಅವಳು ಹೇಳಿದ್ದನ್ನೂ ಗುಮಾಸ್ತ ಬರೆದುಕೊಳ್ಳುತ್ತಾನೆ ಎಂದರು. ಬರೆದುಕೊಳ್ಳಲಿ ಎಂದಳು ಅವಳು. ಹೆಬ್ಬೆರಳಿನ ಬುಡ ಬಡಿದುಕೊಳ್ಳುತ್ತಿತ್ತು. ಕಾಲು ನೋಯುತ್ತಿದ್ದವು. ಕೂರಬೇಕು ಎನಿಸಿತು, ಕುರ್ಚಿ ಇರಲಿಲ್ಲ.

‘ಆ ಮಾತು ಭಾಕರಿ ಬಡೀಲಿಕ್ಕೆ ಕಲಿಸಿದ್ದು ಸಾಹೇಬ್ರ,’ ಎಂದಳು. ‘ಪ್ರೆಸ್ಸಿಗೆ ಅನ್ನೂದಿಲ್ಲ.’